ಎಲೆ, ಎಲೆ, ಗಂಟು

"ಕೈ ನಿಂತ್ರೆ ನಿನ್ ಗಂಡನ ಉಸಿರೂ ನಿಲ್ತದೆ, ಅರ್ಥ ಆಯ್ತಾ? ಅತ್ಲಾಗೆ ಇತ್ಲಾಗೆ ನೋಡ್ಬೇಡ. ಒತ್ತು. ಥೂ, ಏನ್ ಕೈಯಮ್ಮ ಇದು, ಟಾರು ಮೆತ್ತಿದಂಗೆ. ತೊಳ್ಕೊಂಡಾದ್ರೂ ಬರಬಾರ್ದಾ ಆಸ್ಪತ್ರೆಗೆ?"

ಡ್ಯೂಟಿ ಡಾಕ್ಟರ್ ರಘು ಇಷ್ಟು ಹೇಳಿ, ಮೊಬೈಲು ಕಿವಿಗಿಟ್ಟುಕೊಂಡು ವಾರ್ಡಿನಿಂದ ಆಚೆ ಹೋದ. ಸೋಮಮ್ಮ ತನ್ನ ಕೈ ನೋಡಿಕೊಂಡಳು. ಹೊಗೆಸೊಪ್ಪಿನ ಅಂಟು. ಆಷಾಢದಲ್ಲಿ ಸೊಪ್ಪು ಮುರಿಯುವುದು ಶುರುವಾದರೆ ಬೆರಳಿಗೆ ಹತ್ತಿಕೊಳ್ಳುವ ಈ ಕರಿ, ಸೋಪಿಗೂ ಬಗ್ಗುವುದಲ್ಲ, ಸೀಗೆಪುಡಿಗೂ ಬಗ್ಗುವುದಲ್ಲ. ಕೆಲಸ ಮುಗಿದ ಮೇಲೆ ಚರ್ಮದ ಜೊತೆಗೇ ಸುಲಿದು ಹೋಗಬೇಕು. ಇದನ್ನೆಲ್ಲ ವಿವರಿಸುವ ಪುರಸೊತ್ತು ಅವಳಿಗಿರಲಿಲ್ಲ, ಕೇಳುವ ಪುರಸೊತ್ತು ಡಾಕ್ಟರಿಗೂ ಇರಲಿಲ್ಲ.

ಅವಳ ಕೈಯಲ್ಲಿ ಇದ್ದದ್ದು ಒಂದು ರಬ್ಬರಿನ ಚೀಲ, ಸಣ್ಣ ಪಡುವಲಕಾಯಿಯ ತುಂಡಿನಷ್ಟು ಉದ್ದ. ಅದರ ಒಂದು ತುದಿ ಗಂಡ ಚಿಕ್ಕಮಾದಯ್ಯನ ಬಾಯೊಳಗೆ ಇಳಿದ ಕೊಳವೆಗೆ ಸೇರಿತ್ತು, ಇನ್ನೊಂದು ತುದಿ ಆಕ್ಸಿಜನ್ ಸಿಲಿಂಡರಿಗೆ. ಒತ್ತಿದರೆ ಅವನ ಎದೆ ಏಳುತ್ತಿತ್ತು. ಬಿಟ್ಟರೆ ಇಳಿಯುತ್ತಿತ್ತು. ಮತ್ತೆ ಒತ್ತದಿದ್ದರೆ ಇಳಿದದ್ದು ಇಳಿದಂತೆಯೇ ಇರುತ್ತಿತ್ತು. ಬೆಳಿಗ್ಗೆ ಹತ್ತೂವರೆಯಿಂದ ಅವನು ತಾನಾಗಿ ಒಂದು ಉಸಿರನ್ನೂ ಎಳೆದಿರಲಿಲ್ಲ. ಅವನ ಪಾಲಿನ ಉಸಿರನ್ನೆಲ್ಲ ಸೋಮಮ್ಮನೇ ಆಡುತ್ತಿದ್ದಳು.

ಚೀಲ ಹಿಡಿಯುವುದನ್ನು ಕಲಿಸಿದವಳು ನರ್ಸ್ ಪುಷ್ಪಾ. "ಒಂದು, ಎರಡು, ಒತ್ತಿ. ಬಿಡಿ. ಒಂದು, ಎರಡು, ಒತ್ತಿ. ಅವಸರ ಮಾಡ್ಬೇಡಿ ಕಣಮ್ಮ, ನಿಧಾನ ಮಾಡ್ಬೇಡಿ" ಎಂದು ಹೇಳಿಕೊಟ್ಟಿದ್ದಳು. ಗಾಬರಿಯಲ್ಲಿ ಸೋಮಮ್ಮನಿಗೆ ಒಂದು ಎರಡೂ ಮರೆತುಹೋಯಿತು. ಆಗ ಕೈಗಳೇ ತಮ್ಮ ಹಳೆಯ ಲೆಕ್ಕ ಹಿಡಿದವು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಏರಿಸುವ ಮುಂಚೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಬೇಕು. ಕಡ್ಡಿಯ ಆ ಕಡೆಗೊಂದು ಎಲೆ, ಈ ಕಡೆಗೊಂದು ಎಲೆ, ನಡುವೆ ಒಂದು ಗಂಟು. ಮೂವತ್ತು ವರ್ಷದಿಂದ ಅವಳು ಕಟ್ಟುತ್ತಿರುವುದು ಅದನ್ನೇ. ಎಲೆ, ಎಲೆ, ಗಂಟು. ಗಂಟಿಗೆ ಬಂದಾಗ ಚೀಲ ಒತ್ತಿದಳು. ಎಲೆ, ಎಲೆ, ಗಂಟು. ಪುಷ್ಪಾ ಗಡಿಯಾರ ನೋಡಿ, ಸರಿಯಾಗಿದೆ ಎಂದಳು.

ತಪ್ಪು ಸೋಮಮ್ಮನದೂ ಇತ್ತು. 

ಯಜಮಾನ ಷಣ್ಮುಖಪ್ಪನ ಹೊಲದಲ್ಲಿ ಹುಳ ಬಿದ್ದಿತ್ತು. ಚಿಕ್ಕಮಾದಯ್ಯ ಬೆಳಿಗ್ಗೆ ಆರಕ್ಕೇ ಬೆನ್ನಿಗೆ ಪಂಪು ಏರಿಸಿ ಔಷಧಿ ಹೊಡೆಯಲು ನಿಂತಿದ್ದ. ಆ ಪಂಪಿನ ಮುಚ್ಚಳ ಎರಡು ವರ್ಷದಿಂದ ಸೋರುತ್ತಿತ್ತು. "ಬೆನ್ನೆಲ್ಲ ನೆನೀತದೆ ಬುದ್ದಿ, ಒಂದು ವಾಷರ್ ಆಕ್ಸಿಕೊಡಿ" ಎಂದು ಕೇಳಿದ್ದಕ್ಕೆ ಷಣ್ಮುಖಪ್ಪ, "ನೀನೇನ್ಲಾ ಬೆಲ್ಲದ ಅಚ್ಚಾ, ಕರಗೋಗಕ್ಕೆ? ಗೋಣಿಚೀಲ ಒದ್ಕ, ಒಡಿ" ಅಂದಿದ್ದ. ಗೋಣಿಚೀಲವೂ ನೆನೆಯಿತು, ಅಂಗಿಯೂ ನೆನೆಯಿತು. ಎಂಟು ಗಂಟೆಯ ಹೊತ್ತಿಗೆ ಚಿಕ್ಕಮಾದಯ್ಯ ಬದುವಿನ ಮೇಲೆ ಕುಕ್ಕರಿಸಿ ವಾಂತಿ ಮಾಡಿದ.

ಹೊಗೆಸೊಪ್ಪಿನ ಹೊಲದಲ್ಲಿ ವಾಂತಿ ಮಾಡುವುದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಇಬ್ಬನಿ ಕೂತ ಹಸಿಸೊಪ್ಪು ಮೈಗೆ ತಾಗಿದರೆ ತಲೆ ಸುತ್ತುತ್ತದೆ, ಹೊಟ್ಟೆ ತೊಳೆಸುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಅದಕ್ಕೆ ಸೊಪ್ಪು ಏರುವುದು ಅನ್ನುತ್ತಾರೆ. ನಿಂಬೆಹಣ್ಣು ಹಿಂಡಿ ಉಪ್ಪುನೀರು ಕುಡಿಸಿ ನೆರಳಿಗೆ ಮಲಗಿಸಿದರೆ ಮಧ್ಯಾಹ್ನಕ್ಕೆ ಎದ್ದು ಕೂರುತ್ತಾರೆ. ಸೋಮಮ್ಮನಿಗೇ ಎಷ್ಟು ಸಲ ಏರಿಲ್ಲ. "ಸೊಪ್ಪೇರದೆ" ಎಂದು ಮೊದಲು ಅಂದವಳು ಅವಳೇ. ನಿಂಬೆನೀರು ಕುಡಿಸಿದಳು, ಹೊಂಗೆಮರದ ಕೆಳಗೆ ಮಲಗಿಸಿದಳು, ನಡುಗುತ್ತಿದ್ದಾನಲ್ಲ ಎಂದು ಆ ನೆಂದ ಅಂಗಿಯ ಮೇಲೆಯೇ ಒಂದು ಕಂಬಳಿ ಹೊದಿಸಿದಳು. ಹೊದಿಸಿ, ಕಡ್ಡಿ ಕಟ್ಟಲು ವಾಪಸ್ಸು ಹೋದಳು. ಬ್ಯಾರನ್ನಿಗೆ ಸೊಪ್ಪು ಏರಿಸುವ ದಿನ ಅದು. ಷಣ್ಮುಖಪ್ಪ ಕಟ್ಟಿದ ಕಡ್ಡಿಗಳನ್ನು ಕಾಲಲ್ಲೇ ಅಲ್ಲಾಡಿಸಿ ನೋಡುತ್ತಿದ್ದ. "ಗಂಟು ಸಡ್ಲ ಕಣೇ. ಬಿಚ್ಚಿ ಕಟ್ಟು. ನಿಮ್ಮವ್ವನ ಸೀರೆ ಗಂಟು ಅನ್ಕಂಡ್ಯಾ ಇದ?" ಎಂದು ಒದ್ದ ಕಡ್ಡಿಯ ಸೊಪ್ಪು ಮಣ್ಣಿಗೆ ಚೆಲ್ಲಿತು. ಅವಳು ಬಿಚ್ಚಿ ಮತ್ತೆ ಕಟ್ಟಿದಳು.

ಅವಳು ಮತ್ತೆ ಹೋಗಿ ನೋಡಿದಾಗ ಗಂಡನ ಬಾಯಲ್ಲಿ ನೊರೆ ಬಂದಿತ್ತು. ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟಾಗಿತ್ತು. ಯಜಮಾನನ ಮನೆಯ ಮುಂದೆ ಕಾರು ನಿಂತಿತ್ತು. "ವಾಂತಿ ಮಾಡೋನ್ನ ನನ್ ಕಾರೊಳಕ್ ಕೂರುಸ್ತೀಯೇನೆ ಲೌಡಿ? ಸೊಪ್ಪೇರಿರೋದು, ಎದ್ದೊಯ್ತಾನೆ ಬುಡು" ಅಂದ ಷಣ್ಮುಖಪ್ಪ. ಕೊನೆಗೆ ಯಾರೋ ಹಾಲಿನ ಟೆಂಪೋ ನಿಲ್ಲಿಸಿದರು. ಹೊತ್ತು ತಂದ ಇಬ್ಬರು ಆಳುಗಳು ಅವನನ್ನು ಮಂಚಕ್ಕೆ ಹಾಕುವಷ್ಟರಲ್ಲಿ ಯಜಮಾನನ ಫೋನು ಬಂತು, ಸೊಪ್ಪು ಬಾಡುತ್ತದೆ, ವಾಪಸ್ಸು ಬನ್ನಿ ಎಂದು. ಇಬ್ಬರೂ ಅವಳ ಮುಖ ನೋಡದೆ ಹೋದರು. ಮಗಳು ಪುಟ್ಟಿಗೆ ತಿಳಿಸಿದ್ದಾಯಿತು. ಅವಳನ್ನು ಕೊಟ್ಟಿರುವುದು ಎಚ್.ಡಿ. ಕೋಟೆಯಿಂದ ಆಚೆಗೆ, ಎರಡು ಬಸ್ಸು ಹತ್ತಿ ಇಳಿದು ಬರಬೇಕು.

ಡಾಕ್ಟರು ಅಂಗಿಯನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದ. ಮೈ ತೊಳೆಸಿದ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟ. ಕೊಳವೆ ಇಳಿಸಿದ. "ಕುಡಿದಿರೋದಲ್ಲ, ಚರ್ಮದಿಂದ ಇಳಿದಿರೋದು" ಎಂದು ಚೀಟಿಯಲ್ಲಿ ಬರೆದ. ಬಯ್ಗುಳ ಏನೇ ಇರಲಿ, ಹುಡುಗ ಕೆಲಸ ಮಾಡಿದ್ದ. ಆ ಅಂಗಿ ಈಗ ಪ್ಲಾಸ್ಟಿಕ್ ಕವರಿನಲ್ಲಿ ಮಂಚದ ಕೆಳಗಿತ್ತು.

"ಇನ್ನೆಷ್ಟೊತ್ತು ಒತ್ಬೇಕವ್ವ?" ಎಂದು ಸೋಮಮ್ಮ ಕೇಳಿದಳು.

ಪುಷ್ಪಾ ಪಕ್ಕದ ಮಂಚದವರ ಡ್ರಿಪ್ ಸರಿಮಾಡುತ್ತಿದ್ದಳು. ಮೂವತ್ತು ಮಂಚದ ವಾರ್ಡಿಗೆ ಅವಳೊಬ್ಬಳೇ. "ಎರಡು ದಿನ ಆಗ್ಬೋದು, ಮೂರು ದಿನ ಆಗ್ಬೋದು. ವಿಷ ಮೈಯಿಂದ ಇಳಿಯೋವರೆಗೂ ಉಸಿರು ಕೊಡ್ತಾನೇ ಇರ್ಬೇಕು."

"ಮೂರು ದಿನ್ವಾ?"

"ಕೈಯಲ್ಲಿ ಆಗಲ್ಲ ಕಣಮ್ಮ. ಮಿಷನ್ನಿಗೆ ಹಾಕ್ಬೇಕು. ಮೈಸೂರಲ್ಲಿ ಬೆಡ್ ಖಾಲಿ ಇಲ್ವಂತೆ, ಡಾಕ್ಟ್ರು ಆಗ್ಲಿಂದ ಅದಕ್ಕೇ ಫೋನ್ ಮಾಡ್ತಾವ್ರೆ. ಮಿಷನ್ ಇರೋ ಆಂಬುಲೆನ್ಸು ಇನ್ನೊಂದು ಕೇಸ್ ತಗೊಂಡು ಹೋಗದೆ."

"ಇಲ್ಲಿಲ್ವಾ ಮಿಷನ್ನು?"

ಪುಷ್ಪಾ ಡ್ರಿಪ್ ಬಿಟ್ಟು ತಿರುಗಿದಳು. ಬಾಗಿಲಿನಾಚೆಗೆ, ಹಜಾರದ ಆ ತುದಿಗೆ ಕಣ್ಣು ಹಾಯಿಸಿದಳು. ಸೋಮಮ್ಮನೂ ನೋಡಿದಳು. ಗಾಜಿನ ಜೋಡಿ ಬಾಗಿಲು, ಅದರ ಹಿಡಿಗಳಿಗೆ ಸರಪಣಿ, ಸರಪಣಿಗೆ ಬೀಗ. ಪಕ್ಕದ ಗೋಡೆಯಲ್ಲಿ ಕರಿಕಲ್ಲು, ಕಲ್ಲಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಅವಳಿಗೆ ಓದು ಬಾರದು, ಆದರೆ ಆ ಕಲ್ಲಿನ ಪರಿಚಯವಿತ್ತು. ಎರಡು ವರ್ಷದ ಹಿಂದೆ ಷಣ್ಮುಖಪ್ಪ ಎರಡು ಟ್ರಾಕ್ಟರ್ ತುಂಬ ಆಳುಗಳನ್ನು ಇಲ್ಲಿಗೆ ಕರೆತಂದಿದ್ದ. ಆಸ್ಪತ್ರೆ ಕಮಿಟಿಯಲ್ಲಿ ಅವನೂ ಇದ್ದ. ಕುರ್ಚಿ ತುಂಬಬೇಕಿತ್ತು. ಪರದೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಸೋಮಮ್ಮನೂ ತಟ್ಟಿದಳು. ಆಮೇಲೆ ದೊನ್ನೆಯಲ್ಲಿ ಉಪ್ಪಿಟ್ಟು ಕೊಟ್ಟರು. ಚಿಕ್ಕಮಾದಯ್ಯ ಎರಡು ದೊನ್ನೆ ತಿಂದು, "ಐಸಿಯು ಅಂದ್ರೆ ಏನ್ಮೇ?" ಎಂದು ಕೇಳಿದ್ದ. ಅವಳು, "ಉಪ್ಪಿಟ್ಟು ಕೊಡೋ ರೂಮು" ಅಂದಿದ್ದಳು. ಇಬ್ಬರೂ ನಕ್ಕಿದ್ದರು.

"ಅದ್ರಾಗೆ ಅದಾ ಮಿಷನ್ನು?"

"ನಾಕು ಅವೆ" ಎಂದಳು ಪುಷ್ಪಾ, ಧ್ವನಿ ತಗ್ಗಿಸಿ. "ಹಾಕಿದ ಕವರ್ ತೆಗೆದಿಲ್ಲ. ನನ್ನೂ ಡಾಕ್ಟ್ರನ್ನೂ ಮೈಸೂರಿಗೆ ಕರೆಸಿ ಒಂದ್ ವಾರ ಕಲಿಸವ್ರೆ. ಕಲ್ತು ಬಂದು ಬೀಗ ನೋಡ್ತಾ ಇದೀವಿ. ಬೀಗದ ಕೈ ಸ್ಟೋರಿನವರ ಹತ್ರ. ಅವರಿಗೆ ಎರಡು ಆಸ್ಪತ್ರೆ ಡ್ಯೂಟಿ, ಇವತ್ತು ಆ ಕಡೆ ಹೋಗವ್ರೆ. ಬೆಳಿಗ್ಗೆಯಿಂದ ಹತ್ತು ಸಲ ಫೋನ್ ಮಾಡ್ದೆ. ನೋಡ್ಬೇಕು, ಕೇಳ್ಬೇಕು ಅಂತಾರೆ."

"ಒಡೀಬಾರ್ದಾ ಬೀಗ್ವ?"

"ಒಡೆದ್ರೆ ನನ್ ಕೆಲ್ಸ ಹೋಯ್ತದೆ ಕಣಮ್ಮ. ಕಂಟ್ರಾಕ್ಟಿನೋಳು ನಾನು."

ಅಲ್ಲಿಗೆ ಆ ಮಾತು ಮುಗಿಯಿತು. ಎಲೆ, ಎಲೆ, ಗಂಟು.

ಹನ್ನೆರಡಾಯಿತು, ಒಂದಾಯಿತು. ಹೆಬ್ಬೆರಳಿನ ಬುಡ ಊದಿಕೊಂಡಿತು. ಪುಷ್ಪಾ ಮಧ್ಯೆ ಮಧ್ಯೆ ಬಂದು ಎರಡೆರಡು ನಿಮಿಷ ಚೀಲ ಹಿಡಿದಳು. ಆ ಎರಡು ನಿಮಿಷದಲ್ಲಿ ಸೋಮಮ್ಮ ಬಚ್ಚಲಿಗೆ ಓಡಿ ಬಂದಳು. ಪಕ್ಕದ ಮಂಚದಲ್ಲಿ ತಾಯಿಯನ್ನು ಸೇರಿಸಿದ್ದ ರಾವಂದೂರು ಕಡೆಯ ಲಿಂಗಣ್ಣ ಎಂಬವನು ಬಾಟಲಿಯಿಂದ ಅವಳ ಬಾಯಿಗೆ ನೀರು ಬಿಟ್ಟ. ಅವನಿಗೆ ಬಲಗೈ ಇರಲಿಲ್ಲ, ಇದ್ದಿದ್ದರೆ ತಾನೇ ಒಂದು ಗಳಿಗೆ ಒತ್ತುತ್ತಿದ್ದೆ ಎಂದು ಎರಡು ಸಲ ಹೇಳಿದ. ಅವಳಿಗೆ ಓಡಿಹೋಗಿ ಆ ಗಾಜಿಗೆ ಕಲ್ಲು ಬೀರಬೇಕು ಅನ್ನಿಸುತ್ತಿತ್ತು. ಡಾಕ್ಟರಿನ ಕಾಲು ಹಿಡಿಯಬೇಕು ಅನ್ನಿಸುತ್ತಿತ್ತು. ಕೂತು ಗಟ್ಟಿಯಾಗಿ ಅಳಬೇಕು ಅನ್ನಿಸುತ್ತಿತ್ತು. ಇದರಲ್ಲಿ ಯಾವುದಕ್ಕೂ ಕೈ ಬೇಕು, ಇಲ್ಲವೇ ಹೊತ್ತು ಬೇಕು. ಎರಡೂ ಆ ರಬ್ಬರ್ ಚೀಲದೊಳಗೆ ಸಿಕ್ಕಿಕೊಂಡಿದ್ದವು.

ಮೂರು ಗಂಟೆಗೆ ಷಣ್ಮುಖಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಹಿಂದೆ ಅವನ ಮನೆಯ ಬರವಣಿಗೆ ನೋಡಿಕೊಳ್ಳುವ ಕಾಂತರಾಜ್, ಕಂಕುಳಲ್ಲಿ ಒಂದು ಫೈಲು. ಸೋಮಮ್ಮನಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಯಜಮಾನ ಬಂದನಲ್ಲ, ಇನ್ನು ಏನಾದರೂ ಆಗುತ್ತದೆ ಎಂದುಕೊಂಡಳು. ಮೂವತ್ತು ವರ್ಷದ ಅಭ್ಯಾಸ ಅದು, ಅಷ್ಟು ಬೇಗ ಹೋಗುವುದಿಲ್ಲ.

"ಎಂಗದೆ?" ಎಂದ ಷಣ್ಮುಖಪ್ಪ, ಮಂಚದಿಂದ ಎರಡು ಮಾರು ದೂರದಲ್ಲೇ ನಿಂತು.

"ಇಂಗದೆ ಬುದ್ದಿ. ನಾನ್ ಒತ್ತುದ್ರೆ ಅದೆ, ಇಲ್ದಿದ್ರೆ ಇಲ್ಲ."

"ಸರಿ ಸರಿ. ನೋಡು ಸೋಮಿ, ಆಗದ್ದು ಆಗೋಯ್ತು. ನಾಳೆ ಪೋಲೀಸ್ನೋರು ಬತ್ತಾರೆ, ಅದೂ ಇದೂ ಕೇಳ್ತಾರೆ. ನಿಂಗೆ ತಿಳಿಯಕಿಲ್ಲ. ಅದ್ಕೆ ಬರ್ಸ್ಕಂಡೇ ಬಂದಿವ್ನಿ. ಓದ್ಲಾ ಕಾಂತ."

ಕಾಂತರಾಜ್ ಗಂಟಲು ಸರಿಮಾಡಿಕೊಂಡು ಓದಿದ. "ಈ ದಿನ ಬೆಳಿಗ್ಗೆ ನನಗೂ ನನ್ನ ಗಂಡನಿಗೂ ಮನೆಯಲ್ಲಿ ಜಗಳವಾಗಿದ್ದು, ಸದರಿ ಜಗಳದಿಂದ ಬೇಸತ್ತು ನನ್ನ ಗಂಡನು ಮನೆಯಲ್ಲಿದ್ದ ಕ್ರಿಮಿನಾಶಕವನ್ನು ತಾನಾಗಿಯೇ ಕುಡಿದಿರುತ್ತಾನೆ. ಇದಕ್ಕೆ ಬೇರೆ ಯಾರೂ ಕಾರಣರಲ್ಲ."

ಸೋಮಮ್ಮನ ಕೈ ನಿಲ್ಲಲಿಲ್ಲ. "ಜಗಳ ಎಲ್ಲಾಯ್ತು ಬುದ್ದಿ? ನಿಮ್ ವಲದಾಗಲ್ವಾ ಬಿದ್ದಿದ್ದು. ನಿಮ್ ಪಂಪಲ್ವಾ ಸೋರಿದ್ದು."

"ಸೊಪ್ಪೇರದೆ ಅಂತ ಕಂಬ್ಳಿ ಒದ್ಸಿ ಮಲಗ್ಸಿದ್ದು ಯಾರು? ನಾನಾ?" ಷಣ್ಮುಖಪ್ಪ ಒಂದು ಹೆಜ್ಜೆ ಹತ್ತಿರ ಬಂದ. "ಗಂಡನ್ನ ವಿಸದ್ ಬಟ್ಟೇಲಿ ಸುತ್ತಿ ಮಲಗ್ಸಿದೋಳು ನೀನು. ಅದ ಬರ್ಸನಾ? ನಿನ್ ಮರ್ಯಾದೆ ಉಳ್ಸಾನ ಅಂತ ಇಂಗ್ ಬರ್ಸಿದ್ರೆ ನನಗೇ ತಿರ್ಗಿ ಮಾತಾಡ್ತೀಯಾ ಮುಂಡೆ."

ಆ ಮಾತು ಹೋಗಿ ನಾಟಬೇಕಾದ ಜಾಗಕ್ಕೇ ನಾಟಿತು. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಅಷ್ಟರಲ್ಲಿ ಕಾಂತರಾಜ್ ಬಗ್ಗಿ ಮಂಚದ ಕೆಳಗೆ ನೋಡುತ್ತಿದ್ದ. ಅವನ ಕೈ ಪ್ಲಾಸ್ಟಿಕ್ ಕವರಿನ ಕಡೆ ಹೋಯಿತು. ಸೋಮಮ್ಮ ಕಾಲು ಚಾಚಿ ಕವರಿನ ಮೇಲೆ ಇಟ್ಟಳು, ಅಂಗಿ ಸಿಕ್ಕಲಿಲ್ಲ.

ಷಣ್ಮುಖಪ್ಪ ಸ್ವರ ಬದಲಿಸಿದ. "ಆ ರೂಮ್ ನೋಡ್ದ್ಯಾ? ಆ ಕಲ್ಲಲ್ಲಿ ನನ್ ಎಸ್ರದೆ. ಒಂದ್ ಫೋನ್ ಮಾಡಿದ್ರೆ ಆ ಬೀಗ ತೆಗೀತದೆ. ನಿನ್ ಗಂಡನ್ನ ಮಿಷನ್ನಿಗ್ ಆಕ್ತಾರೆ, ನೀನ್ ಆರಾಮಾಗ್ ಕೂತ್ಕಬೋದು. ನೀನ್ ಎಬ್ಬೆಟ್ ಒತ್ತು, ನಾನ್ ಫೋನ್ ಒತ್ತೀನಿ."

"ಮೊದ್ಲು ಬೀಗ ತೆಗ್ಸಿ ಬುದ್ದಿ. ಆಮ್ಯಾಕ್ ಎಲ್ಬೇಕಾದ್ರೂ ಒತ್ತೀನಿ."

"ಮೊದ್ಲು ಎಬ್ಬೆಟ್ಟು."

ಕಾಂತರಾಜ್ ಅವಳ ಎಡಗೈ ಹೆಬ್ಬೆರಳನ್ನು ಹಿಡಿದು ಇಂಕ್ ಪ್ಯಾಡಿಗೆ ಉಜ್ಜಿದ. ಪ್ಯಾಡು ಒಣಗಿ ರೊಟ್ಟಿಯಂತಾಗಿತ್ತು, ಎಷ್ಟು ಉಜ್ಜಿದರೂ ಬಣ್ಣ ಹತ್ತಲಿಲ್ಲ. ಒಂದೇ ಕೈಯ ಒತ್ತು ಚಿಕ್ಕಮಾದಯ್ಯನ ಎದೆಯನ್ನು ಅರ್ಧಕ್ಕೆ ಏಳಿಸಿ ಬಿಟ್ಟಿತು. ಸೋಮಮ್ಮ ಬೆರಳು ಕಿತ್ತುಕೊಂಡು ಮತ್ತೆ ಎರಡೂ ಕೈ ಹಾಕಿದಳು. "ಆಪೀಸಲ್ಲಿ ಇಂಕ್ ಇರ್ತದೆ, ಓಗ್ ತತ್ತಾ ಬೋಳಿಮಗ್ನೆ, ಒಂದ್ ಪ್ಯಾಡ್ ನೋಡ್ಕಂಡ್ ಬರಕಾಗಲ್ವಾ ನಿಂಗೆ?" ಎಂದು ಷಣ್ಮುಖಪ್ಪ ಬೈದ. ಕಾಂತರಾಜ್ ಕಾಗದವನ್ನು ಮಂಚದ ಅಂಚಿಗಿಟ್ಟು ಹೋದ.

 ಮೂವತ್ತು ಮಂಚದವರೂ ಇತ್ತಲೇ ನೋಡುತ್ತಿದ್ದರು. ಸೋಮಮ್ಮ ಗಂಡನ ಮುಖ ನೋಡಿದಳು. ಹೆಬ್ಬೆಟ್ಟು ಒತ್ತಿಬಿಡಬೇಕು ಅನ್ನಿಸಿತು. ಮಾನ ಹೋದರೆ ಹೋಗಲಿ, ಉಸಿರು ಉಳಿದರೆ ಸಾಕು ಅನ್ನಿಸಿತು. ಆದರೆ ಈ ಮನುಷ್ಯ ಮೊದಲು ಕೆಲಸ ಮಾಡಿಸಿಕೊಂಡು ಆಮೇಲೆ ಮಾತು ಉಳಿಸಿಕೊಂಡದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಎಲೆ, ಎಲೆ, ಗಂಟು.

"ಒತ್ತೀನಿ ಬುದ್ದಿ" ಎಂದಳು. "ಎಬ್ಬೆಟ್ ಒತ್ತೋಗಂಟ ಇದ ಯಾರಾರ ಇಡ್ಕಬೇಕಲ್ಲ. ಒಸಿ ಇಡ್ಕಳಿ."

"ಯಾರು? ನಾನಾ?"

"ಇನ್ಯಾರವ್ರೆ?"

ಅವಳು ಚೀಲವನ್ನು ಅವನ ಕಡೆ ಚಾಚಿದಳು. ಅವನು ಹಿಂದಕ್ಕೆ ಸರಿದ. ಅವಳ ಅಂಟುಗೈ ನೋಡಿದ, ಚೀಲಕ್ಕೆ ಮೆತ್ತಿದ ಕರಿ ನೋಡಿದ. ಸೋಮಮ್ಮ ಒತ್ತಲಿಲ್ಲ. ಎಲೆ. ಚಿಕ್ಕಮಾದಯ್ಯನ ಎದೆ ಇಳಿದು ನಿಂತಿತ್ತು. ಎಲೆ. ತಾನು ಮಾಡುತ್ತಿರುವುದು ಏನೆಂದು ಅವಳಿಗೇ ಹೆದರಿಕೆಯಾಯಿತು. ಆದರೂ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇಡ್ಕಳಿ ಸ್ವಾಮಿ" ಎಂದ ಲಿಂಗಣ್ಣ, ಎದ್ದು ನಿಂತು. "ಎದೆ ನಿಂತದೆ. ಎಲ್ರೂ ನೋಡ್ತಾವ್ರೆ."

ಷಣ್ಮುಖಪ್ಪ ಚೀಲ ಹಿಡಿದುಕೊಂಡ.

"ಒತ್ತಿ. ಈಗ ಬುಡಿ. ಎಲೆ, ಎಲೆ, ಗಂಟು ಅನ್ಕಳಿ. ಗಂಟಿಗ್ ಒತ್ತಿ." ಸೋಮಮ್ಮ ಅವನ ಪಕ್ಕದಲ್ಲೇ ನಿಂತಳು, ಅವನು ಬಿಟ್ಟರೆ ಹಿಡಿಯುವಷ್ಟು ಹತ್ತಿರ. ಎದೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಅವಳು ಮಂಚದ ಅಂಚಿನ ಕಾಗದವನ್ನು ತೆಗೆದು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಯ್, ಅದ್ಯಾಕ್ ಇಕ್ಕತೀಯ? ಎಬ್ಬೆಟ್ಟು?"

"ಫೋನು" ಎಂದಳು ಸೋಮಮ್ಮ.

"ಎಂಗ್ ಮಾಡ್ಲೇ? ಕೈ ಕಾಣ್ದಾ?"

ಮೂವತ್ತು ವರ್ಷದಲ್ಲಿ ಅವಳು ಆ ಮನೆಯ ಹೊಸಿಲು ಮುಟ್ಟಿದವಳಲ್ಲ. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಈಗ ಆ ಕರಿಯ ಕೈಯನ್ನು ಅವನ ಬಿಳಿ ಅಂಗಿಯ ಜೇಬಿಗೆ ಇಳಿಸಿದಳು. ಫೋನು ತೆಗೆದಳು. ಜೇಬಿನ ಬಾಯಲ್ಲಿ ಐದು ಬೆರಳಿನ ಗುರುತು ಉಳಿಯಿತು. ಫೋನನ್ನು ಲಿಂಗಣ್ಣನಿಗೆ ಕೊಟ್ಟಳು. ಷಣ್ಮುಖಪ್ಪ ಹಲ್ಲು ಕಚ್ಚಿ ಸ್ಟೋರಿನವನ ಹೆಸರು ಹೇಳಿದ, ಲಿಂಗಣ್ಣ ಎಡಗೈಯಲ್ಲೇ ಹುಡುಕಿ ಒತ್ತಿದ, ಸ್ಪೀಕರಿಗೆ ಹಾಕಿ ಹಿಡಿದ.

"ನಮಸ್ಕಾರ ಸಾರ್" ಎಂದಿತು ಆ ಕಡೆಯ ದನಿ.

"ಐಸಿಯು ಬೀಗ ತೆಗ್ಸು."

"ಅದು... ನೀವೇ ಹೇಳಿದ್ರಲ್ಲ ಸಾರ್ ಮೀಟಿಂಗಲ್ಲಿ. ದೊಡ್ಡೋರು ಇನ್ನೊಂದ್ ಸಲ ನೋಡೋಕೆ ಬರೋಗಂಟ ಮಿಷನ್ ಹೊಸದಾಗೇ ಇರ್ಲಿ, ಕಂಡೋರಿಗೆಲ್ಲ ತೆಗೀಬೇಡ ಅಂತ. ಸಹಿನೂ ಹಾಕಿದೀರಿ. ಬೆಳಿಗ್ಗೆಯಿಂದ ಯಾರೋ ಕೂಲಿಯವರ ಕೇಸು ಅಂತ ಸಿಸ್ಟರ್ ಮಾಡ್ತಾನೇ ಅವ್ರೆ, ನಾನು ತೆಗೀಲಿಲ್ಲ ಸಾರ್."

 ಪುಷ್ಪಾ ಬಾಗಿಲಲ್ಲಿ ಔಷಧಿಯ ತಟ್ಟೆ ಹಿಡಿದು ನಿಂತಿದ್ದಳು. ಡಾಕ್ಟರು ಅವಳ ಹಿಂದೆ ಇದ್ದ.

"ಈಗ್ ತಗಂಡ್ ಬಾರೋ ಸೂಳೆಮಗ್ನೆ" ಎಂದ ಷಣ್ಮುಖಪ್ಪ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು.

"ಬರ್ತೀನಿ ಸಾರ್. ಬಸ್ ಹಿಡಿದು ಬರ್ಬೇಕು. ಒಂದೂವರೆ ಗಂಟೆ ಆಗ್ಬೋದು. ನೋಡ್ತೀನಿ ಸಾರ್."

ಫೋನು ಕಟ್ಟಾಯಿತು. ಕಾಂತರಾಜ್ ಇಂಕು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ, ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ. "ಲೇ ಕಾಂತ, ಬಾರ್ಲಾ, ಇದ ಇಡ್ಕ" ಎಂದ ಷಣ್ಮುಖಪ್ಪ. ಕಾಂತರಾಜ್ ಮುಂದೆ ಬರಲು ನೋಡಿದ. ಪಕ್ಕದ ಮಂಚಗಳ ಜನ ಎದ್ದು ದಾರಿಯಲ್ಲಿ ನಿಂತಿದ್ದರು. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಸರಿಯಲೂ ಇಲ್ಲ.

ಸೋಮಮ್ಮ ಬೆಳಿಗ್ಗೆಯಿಂದ ಮೊದಲ ಸಲ ಕಣ್ಣು ಒರೆಸಿಕೊಂಡಳು. ಬೆರಳುಗಳು ಬಾಗಿದಂತೆಯೇ ಸೆಟೆದುಕೊಂಡಿದ್ದವು, ಬಿಡಿಸಲು ಬರುತ್ತಿರಲಿಲ್ಲ. ಅವಳು ಗಂಡನ ಎದೆಯ ಮೇಲಿಂದ ಕಣ್ಣು ಕೀಳಲಿಲ್ಲ. ಐದು ಸಲ ಎದ್ದಿತು. ಆರನೆಯ ಸಲ ಅರ್ಧಕ್ಕೆ ಎದ್ದು ಇಳಿಯಿತು.

"ಗಂಟು ಸಡ್ಲಾಯ್ತು ಬುದ್ದಿ" ಎಂದಳು. "ಬಿಗ್ಯಾಗ್ ಒತ್ತಿ. ಬಿಚ್ಚಿ ತಿರ್ಗಾ ಕಟ್ಟಕ್ಕೆ ಇದು ಸೊಪ್ಪಲ್ಲ."